ತಿಳಿದವನ ಸಂಕಟ

ಹಳೆಯ ಕಥೆಯನ್ನು ಹೊಸದಾಗಿ ಹೇಳುವುದು ನಮ್ಮ ಸಾಹಿತ್ಯಕ್ಕೆ ಅಪರಿಚಿತವಾದ ವ್ಯವಹಾರವಲ್ಲ. ಪಂಪನು ಹೇಳಿ ಮುಗಿಸಿದ ಭಾರತದ ಕೊನೆಯ ಭಾಗವೊಂದನ್ನೇ ಆಯ್ದುಕೊಂಡು ರನ್ನನು ಗದಾಯುದ್ಧವನ್ನು ಕಟ್ಟಿದನು. ಅದಕ್ಕಾಗಿ ಅವನನ್ನು ಅನುಕರಣಕಾರನೆಂದು ತಳ್ಳಿಹಾಕಿದವರಿಲ್ಲ. ಆದರೆ ಒಬ್ಬನೇ ಕರ್ತೃವು ತನ್ನ ಕೃತಿಯನ್ನೇ ಇಪ್ಪತ್ತೆರಡು ವರ್ಷಗಳ ತರುವಾಯ ಮೊದಲಿನಿಂದ ಮತ್ತೆ ರಚಿಸಲು ಕುಳಿತುಕೊಳ್ಳುವುದು ಅಪೂರ್ವ. ಚಲಚ್ಚಿತ್ರ ಪ್ರಪಂಚದಲ್ಲಿ ಆಲ್ಫ್ರೆಡ್ ಹಿಚ್‌ಕಾಕ್ ಅದನ್ನು ಮಾಡಿದನು. 'ದಿ ಮ್ಯಾನ್ ಹೂ ನ್ಯೂ ಟೂ ಮಚ್' ಎಂಬ ಗೂಢಚಾರ ಚಿತ್ರವನ್ನು 1934ರಲ್ಲಿ ಇಂಗ್ಲೆಂಡಿನಲ್ಲಿ ತೆಗೆದವನು, ಅದೇ ಹೆಸರಿನಲ್ಲಿ ಅದನ್ನೇ 1956ರಲ್ಲಿ ಹಾಲಿವುಡ್ಡಿನಿಂದ ಹೊರತಂದನು. ಹೆಸರನ್ನು ಕನ್ನಡಿಸುವುದಾದರೆ 'ತೀರ ಹೆಚ್ಚು ತಿಳಿದವನು' ಎನ್ನಬಹುದು.

ನಮ್ಮ ನಿಂಬರ್ಗಾದವರಿಗೆ ಸಿನಿಮಾ ಎಂಬುದು ಬಹುಕಾಲ ಕಲಬುರ್ಗಿಗೋ ಸೊಲ್ಲಾಪುರಕ್ಕೋ ಹೋಗಿ ನೋಡಿಬರುವ ವಸ್ತುವಾಗಿತ್ತು. ಈಗ ಅದು ಅಂಗೈಯೊಳಗೆ ಬಂದಿದೆ. ಕಾಲೇಜಿನಲ್ಲಿ ಓದುವ ನಾಲ್ಕೈದು ಹುಡುಗ ಹುಡುಗಿಯರೊಡನೆ ಈಚೆಗೆ ಎರಡು ಸಂಜೆ ಕುಳಿತು ಈ ಎರಡು ಚಿತ್ರಗಳನ್ನೂ ನೋಡಿದೆ. ಯಾವುದು ಮೇಲು ಎಂಬ ವಾದ ಇನ್ನೂ ಮುಗಿದಿಲ್ಲ. ಹಿಚ್‌ಕಾಕನೇ ಫ್ರೆಂಚ್ ನಿರ್ದೇಶಕ ತ್ರುಫೋನೊಡನೆ ಮಾತನಾಡುತ್ತ, ಮೊದಲನೆಯದು ಪ್ರತಿಭೆಯುಳ್ಳ ಹವ್ಯಾಸಿಯ ಕೆಲಸ, ಎರಡನೆಯದು ವೃತ್ತಿಗಾರನದು ಎಂಬರ್ಥದ ತೀರ್ಪನ್ನು ಕೊಟ್ಟಿದ್ದಾನೆ. ಕರ್ತೃವಿನ ತೀರ್ಪನ್ನು ಒಪ್ಪಲೇಬೇಕೆಂಬ ನಿಯಮವೇನೂ ಇಲ್ಲವಷ್ಟೆ.

ಕಥೆಯ ಎಲುಬು ಎರಡರಲ್ಲಿಯೂ ಒಂದೇ. ಪರದೇಶಕ್ಕೆ ವಿಹಾರ ಹೋದ ದಂಪತಿಗಳ ಎದುರಿನಲ್ಲಿ ಒಬ್ಬ ಬೇಹುಗಾರ ಕೊಲೆಯಾಗುತ್ತಾನೆ. ಸಾಯುವ ಮುನ್ನ ಅವನು ಬಿಟ್ಟುಹೋದ ಸುಳಿವಿನಿಂದ, ಲಂಡನ್ನಿನಲ್ಲಿ ವಿದೇಶೀ ಮುತ್ಸದ್ದಿಯೊಬ್ಬನನ್ನು ಕೊಲ್ಲುವ ಸಂಚು ಇವರಿಗೆ ತಿಳಿದುಬಿಡುತ್ತದೆ. ಇವರು ಬಾಯಿ ಬಿಡದಂತೆ ಸಂಚುಗಾರರು ಇವರ ಮಗುವನ್ನು ಅಪಹರಿಸುತ್ತಾರೆ. ಹೇಳಿದರೆ ಮಗು ಹೋಯಿತು. ಹೇಳದಿದ್ದರೆ ಒಬ್ಬ ಮನುಷ್ಯನ ಜೀವ ಹೋಯಿತು. ಕಥಾನಾಯಕನ ಕೈಯಲ್ಲಿ ಪಿಸ್ತೂಲಿಲ್ಲ, ಬೆನ್ನಿಗೆ ಇಲಾಖೆಯಿಲ್ಲ. ಇರುವುದು ತಿಳಿವಳಿಕೆಯೊಂದೇ. ಅದೇ ಅವನ ಸಂಕಟ.

1934ರ ಚಿತ್ರ ಸುಮಾರು 75 ನಿಮಿಷಗಳದು, ಓಟ ಬಹಳ ಚುರುಕು. ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಸ್‌ನ ಹಿಮದಲ್ಲಿ ಅದರ ಆರಂಭ. ತಾಯಿ ಜಿಲ್ ಗುರಿಯೆಸೆತದಲ್ಲಿ ನಿಪುಣೆ. ಮುಂದೆ ಕೊಲೆಗಾರನೆಂದು ತಿಳಿದುಬರುವವನೊಡನೆಯೇ ಅಲ್ಲಿ ಸ್ಪರ್ಧೆಗೆ ನಿಂತು ಸೋಲುತ್ತಾಳೆ. ನೃತ್ಯಶಾಲೆಯಲ್ಲಿ ಒಬ್ಬನ ಅಂಗಿಗೆ ಉಣ್ಣೆಯ ಎಳೆಯೊಂದನ್ನು ಸಿಕ್ಕಿಸಿಬಿಟ್ಟು, ಕುಣಿಯುವವರ ಕಾಲಿಗೆಲ್ಲ ಅದು ತೊಡಕಾಗುವ ತಮಾಷೆ ನಡೆಯುತ್ತಿರುವಾಗಲೇ ಕಿಟಕಿಯ ಗಾಜಿನಲ್ಲಿ ಸಣ್ಣದೊಂದು ತೂತು ಕಾಣಿಸುತ್ತದೆ. ಜಿಲ್ಲಳೊಡನೆ ಕುಣಿಯುತ್ತಿದ್ದವನು ಎದೆಯನ್ನು ನೋಡಿಕೊಂಡು ಕುಸಿಯುತ್ತಾನೆ. ನಗೆಯಿಂದ ಸಾವಿಗೆ ಇಷ್ಟು ಸಲೀಸಾಗಿ ದಾಟಿದ ದೃಶ್ಯಗಳು ವಿರಳ. ಖಳನಾಯಕ ಪೀಟರ್ ಲೊರೆ ಜರ್ಮನಿಯನ್ನು ಬಿಟ್ಟು ಬಂದ ನಟ. ಇಂಗ್ಲಿಷ್ ಸರಿಯಾಗಿ ಬಾರದಿದ್ದುದರಿಂದ ಮಾತುಗಳನ್ನು ಉಚ್ಚಾರಣೆಯಿಂದಲೇ ಕಂಠಪಾಠ ಮಾಡಿ ನಟಿಸಿದನಂತೆ. ಆ ಮೃದುವಾದ ನಗೆ ನೋಡಿದವರ ನೆನಪಿನಿಂದ ಬೇಗ ಹೋಗುವಂಥದಲ್ಲ.

ಎರಡನೆಯ ಚಿತ್ರ ಎರಡು ಗಂಟೆಯದು, ವರ್ಣದ್ದು. ಹಿಮದ ಬದಲು ಮೊರಾಕೋದ ಬಿಸಿಲು. ಮಾರಾಕೇಶದ ಸಂತೆಯ ಬಯಲಿನಲ್ಲಿ ಬೆನ್ನಿಗೆ ಚೂರಿ ನೆಟ್ಟ ಅರಬನೊಬ್ಬ ತಡವರಿಸುತ್ತ ಬರುತ್ತಾನೆ. ಜೇಮ್ಸ್ ಸ್ಟುವರ್ಟ್ ಅಭಿನಯಿಸಿರುವ ವೈದ್ಯ ಬೆನ್ ಮೆಕೆನ್ನಾ ಅವನ ಮುಖವನ್ನು ಹಿಡಿದಾಗ ಕಂದುಬಣ್ಣ ಕೈಗೆ ಹತ್ತಿ, ಅವನು ವೇಷ ಹಾಕಿದ ಫ್ರೆಂಚನೆಂದು ಗೊತ್ತಾಗುತ್ತದೆ. ಈ ಭಾಗ ಉದ್ದವಾಯಿತೆಂದೇ ನನ್ನ ಅಭಿಪ್ರಾಯ. ಮೇಲಾಗಿ ಆ ನಾಡಿನ ಜನರು ಇಲ್ಲಿ ಗೋಡೆಗೆ ತೂಗಹಾಕಿದ ಚಿತ್ರಗಳಂತೆ ಕಾಣುತ್ತಾರೆಯೇ ಹೊರತು ಮನುಷ್ಯರಂತೆ ಅಲ್ಲ. 'ಆ್ಯಂಬ್ರೋಸ್ ಚಾಪೆಲ್' ಎಂಬುದನ್ನು ವ್ಯಕ್ತಿಯ ಹೆಸರೆಂದು ಭ್ರಮಿಸಿ, ಸತ್ತ ಪ್ರಾಣಿಗಳ ತೊಗಲಿಗೆ ಹೊಟ್ಟು ತುಂಬುವವರ ಅಂಗಡಿಗೆ ನುಗ್ಗುವ ಪ್ರಸಂಗವೂ ಅಷ್ಟಕ್ಕಷ್ಟೆ. ಅದು ಒಂದು ಪ್ರಾರ್ಥನಾಮಂದಿರವೆಂದು ಹೆಂಡತಿಗೆ ಮೊದಲು ಹೊಳೆಯುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಇಷ್ಟಾದರೂ ಎರಡನೆಯ ಚಿತ್ರವನ್ನು ಮೊದಲನೆಯದರ ದುಬಾರಿ ನಕಲೆಂದು ನಾನು ಹೇಳಲಾರೆ. ಕಾರಣ ಒಂದು ದೃಶ್ಯ. 1934ರಲ್ಲಿ ಬೆದರಿಕೆಯ ಚೀಟಿಯನ್ನು ಗಂಡನ ಕೈಯಿಂದ ತೆಗೆದುಕೊಂಡು ತಾಯಿ ತಾನೇ ಓದುತ್ತಾಳೆ, ಮೂರ್ಛೆ ಹೋಗುತ್ತಾಳೆ. ಅಲ್ಲಿಗೆ ಸುದ್ದಿ ಇಬ್ಬರದೂ ಆಯಿತು. 1956ರಲ್ಲಿ ಮಗ ಕಾಣೆಯಾದ ಸಂಗತಿ ವೈದ್ಯನಿಗೆ ಗೊತ್ತಿದೆ, ಹೆಂಡತಿಗೆ ಗೊತ್ತಿಲ್ಲ. ಡೋರಿಸ್ ಡೇ ನಟಿಸಿರುವ ಆಕೆ, ಜೋ, ಹಿಂದೆ ಹೆಸರಾಂತ ಗಾಯಕಿ. ಮದುವೆಯ ತರುವಾಯ ರಂಗವನ್ನು ಬಿಟ್ಟವಳು. ಅವನು ಆಕೆಗೆ ಮೊದಲು ನಿದ್ದೆಯ ಗುಳಿಗೆಯನ್ನು ನುಂಗಿಸುತ್ತಾನೆ. 'ನಿನ್ನ ಒಳ್ಳೆಯದಕ್ಕೇ' ಎಂಬ ವೈದ್ಯನ ಧ್ವನಿಯಲ್ಲಿ ಪುಸಲಾಯಿಸುತ್ತಾನೆ. ಗುಳಿಗೆ ಒಳಗಿಳಿದ ಮೇಲೆ ಸುದ್ದಿಯನ್ನು ಹೇಳುತ್ತಾನೆ. ಆಕೆ ಚೀರಾಡುತ್ತ, ಏಳಲು ಹವಣಿಸುತ್ತ, ಔಷಧದ ಭಾರಕ್ಕೆ ಸೋಲುತ್ತಾಳೆ. ಕೊಲೆಗಿಂತ ಘೋರವಾದ ದೃಶ್ಯ ಇದು. ಇದರೊಂದಿಗೆ ಗೂಢಚಾರಿಕೆಯ ಕಥೆ ದಾಂಪತ್ಯದ ಕಥೆಯಾಯಿತು: ಯಾರಿಗೆ ಎಷ್ಟು ತಿಳಿದಿರಬೇಕೆಂದು ಯಾರು ನಿರ್ಣಯಿಸುವರು?

ಈ ಪ್ರಶ್ನೆ ನಮ್ಮ ಕಡೆಯ ಮನೆಗಳಿಗೆ ಹೊಸದಲ್ಲ. 1948ರ ಸೆಪ್ಟೆಂಬರದವರೆಗೆ ಆಳಂದದ ಸೀಮೆ ನಿಜಾಮನ ಸಂಸ್ಥಾನಕ್ಕೆ ಸೇರಿತ್ತು; ಗಡಿಯಾಚೆ ಸೊಲ್ಲಾಪುರದ ಕಡೆ ಸ್ವತಂತ್ರ ಭಾರತ. ರಜಾಕಾರರ ಹಾವಳಿಯ ಆ ದಿನಗಳಲ್ಲಿ ವಿಮೋಚನೆಯ ಹೋರಾಟಗಾರರು ಗಡಿಯಾಚೆ ಶಿಬಿರ ಹೂಡಿದ್ದರು. ಯಾರ ಮನೆಯ ಹುಡುಗ ಆಚೆ ಹೋಗಿದ್ದಾನೆ, ಯಾರ ಹಗೇವಿನಿಂದ ಜೋಳ ಸಾಗುತ್ತಿದೆ ಎಂಬುದನ್ನು ತಿಳಿದಿರುವುದೇ ಅಪಾಯವಾಗಿತ್ತು. ನನ್ನ ಅಜ್ಜನ ತಮ್ಮ ಹಾಗೆ ಹೋದವರಲ್ಲಿ ಒಬ್ಬ. ಕೆಲವು ರಾತ್ರಿ ಅವನು ಹೊಲದ ಗುಡಿಸಲಿಗೆ ಬಂದು ಹೋಗುತ್ತಿದ್ದ. ಅಜ್ಜ ಇದನ್ನು ಅಜ್ಜಿಗೆ ಹೇಳಲಿಲ್ಲ. ಆಳುಗಳಿಗೆಂದು ಎರಡು ರೊಟ್ಟಿ ಹೆಚ್ಚಿಗೆ ಬಡಿಯಲು ಹೇಳುತ್ತಿದ್ದ. ಎಷ್ಟೋ ವರ್ಷಗಳ ಮೇಲೆ ಅಜ್ಜಿ ನನಗೆ ಅಂದದ್ದು: "ಹೇಳಿದ್ರ ನೀ ಬಾಯಿ ಬಿಡತಿದ್ದಿ ಅಂದ್ರು ನಿಮ್ಮಜ್ಜ. ಯಾವ ಆಳಿಗಿ ಎಳ್ಳ ಹಿಂಡಿ ಸೇರತದ, ಯಾರಿಗಿ ಸೇರೂದಿಲ್ಲ, ನನಗ ಗೊತ್ತಿರಲಿಲ್ಲೇನು? ನಾನೂ ಅವರಿಗಿ ಹೇಳಲಿಲ್ಲ." ಮೈದುನನಿಗೆ ಎಳ್ಳಿನ ಹಿಂಡಿ ಇಷ್ಟವೆಂದು ಆಕೆ ಪ್ರತಿದಿನ ಅದನ್ನೇ ಕಟ್ಟಿ ಕಳುಹಿಸುತ್ತಿದ್ದಳು.

ಮೆಕೆನ್ನಾ ದಂಪತಿಗಳ ಸಂಗತಿಯನ್ನು ಓದಿ ಅರ್ಥಮಾಡಿಕೊಳ್ಳಲು ನಮಗೆ ಅಮೆರಿಕದ ಪರಿಚಯ ಬೇಕಿಲ್ಲವೆಂದು ತೋರಿಸಲು ಇದನ್ನು ಹೇಳಿದೆ. ಆದರೆ ನಮ್ಮ ಭಾಷೆಗಳಿಗೆ ಇಳಿದುಬಂದ ಗೂಢಚಾರ ಚಿತ್ರ ಈ ಜಾತಿಯದಲ್ಲ. 1962ರ 'ಡಾಕ್ಟರ್ ನೋ' ಚಿತ್ರದೊಂದಿಗೆ ಜೇಮ್ಸ್ ಬಾಂಡ್ ತೆರೆಗೆ ಬಂದ ಮೇಲೆ ಎಲ್ಲರೂ ಅವನ ಬೆನ್ನು ಹತ್ತಿದರು. ತೆಲುಗಿನ 'ಗೂಢಚಾರಿ 116' 1966ರಲ್ಲಿ ಬಂದು, ಮರುವರ್ಷವೇ ಹಿಂದಿಯಲ್ಲಿ 'ಫರ್ಜ್' ಆಯಿತು. ಕನ್ನಡದಲ್ಲಿ ದೊರೈ–ಭಗವಾನ್ ಜೋಡಿ 1968ರಲ್ಲಿ 'ಜೇಡರ ಬಲೆ'ಯನ್ನು ನಿರ್ದೇಶಿಸಿತು. ಪುರಾಣ ಚರಿತ್ರೆಗಳ ಕಿರೀಟ ಧರಿಸಿ ಜನರ ಮನಸ್ಸಿನಲ್ಲಿ ನೆಲೆಸಿದ್ದ ರಾಜಕುಮಾರ್ ಅವರು ಸೂಟು ತೊಟ್ಟು ಸಿ.ಐ.ಡಿ. 999 ಆದರು. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್' ಬಂದವು. ಇವುಗಳ ಉತ್ಸಾಹವನ್ನು ನಾನು ಅಲ್ಲಗಳೆಯುವುದಿಲ್ಲ. ಇಂದಿಗೂ ಆನಂದದಿಂದಲೇ ನೋಡುತ್ತೇನೆ. ಆದರೂ 999 ಎಂಬುವನಿಗೆ ತಿಳಿವಳಿಕೆ ಒಂದು ಆಯುಧ. ಮೇಲಧಿಕಾರಿ ಕರೆದು ಅದನ್ನು ಅವನ ಕೈಗೆ ಕೊಡುತ್ತಾನೆ, ಇವನು ಹೊರಡುತ್ತಾನೆ. ಬಚ್ಚಿಡಬೇಕಾದ ಹೆಂಡತಿ ಇಲ್ಲ, ಕಳೆದುಕೊಳ್ಳಬೇಕಾದ ಮಗುವಿಲ್ಲ. ಸಂಸ್ಥಾನದ ಗಡಿಯಲ್ಲಿ ಬಾಳಿದ ಮನೆಗಳ ಕಥೆ ಕನ್ನಡದ ಗೂಢಚಾರ ಚಿತ್ರಕ್ಕೆ ಒದಗಿಬರಲಿಲ್ಲವಲ್ಲ ಎಂಬ ಕೊರಗು ನನಗಿದೆ.

ಮತ್ತೆ ಹಿಚ್‌ಕಾಕನ ಕಡೆಗೆ. ಎರಡು ಚಿತ್ರಗಳೂ ಲಂಡನ್ನಿನ ಆಲ್ಬರ್ಟ್ ಹಾಲಿಗೆ ಬಂದು ಸೇರುತ್ತವೆ. ಎರಡರಲ್ಲಿಯೂ ಆರ್ಥರ್ ಬೆಂಜಮಿನ್ ರಚಿಸಿದ ಅದೇ ಮೇಳಗೀತ. ಕಂಚಿನ ತಾಳದ ಒಂದೇ ಹೊಡೆತದ ಸದ್ದಿನಲ್ಲಿ ಗುಂಡಿನ ಸದ್ದು ಅಡಗಬೇಕೆಂಬ ಅದೇ ಹಂಚಿಕೆ. ಎರಡನೆಯ ಸಲ ಹಿಚ್‌ಕಾಕ್ ಚಿತ್ರದ ಮೊಟ್ಟಮೊದಲಿಗೇ ಆ ತಾಳವನ್ನು ನಮಗೆ ತೋರಿಸಿಬಿಡುತ್ತಾನೆ. ಗುಟ್ಟನ್ನು ಪ್ರೇಕ್ಷಕನಿಗೆ ಮುಂಚಿತವಾಗಿ ಕೊಟ್ಟು, ಅವನನ್ನೂ 'ಹೆಚ್ಚು ತಿಳಿದವನ'ನ್ನಾಗಿ ಮಾಡುವ ಯುಕ್ತಿ ಇದು. ಸುಮಾರು ಹನ್ನೆರಡು ನಿಮಿಷ ಒಂದು ಮಾತೂ ಕೇಳಿಸುವುದಿಲ್ಲ. ಗೋಡೆಗೊರಗಿ ನಿಂತ ಜೋ ಅಳುತ್ತಾಳೆ, ತಾಳಗಾರ ಎದ್ದು ನಿಲ್ಲುತ್ತಾನೆ, ಪರದೆಯ ಸಂದಿಯಿಂದ ಪಿಸ್ತೂಲು ಮೂತಿ ಚಾಚುತ್ತದೆ. ಆಕೆ ಕಿರುಚುತ್ತಾಳೆ. ಮುತ್ಸದ್ದಿ ಬದುಕುತ್ತಾನೆ. ಮೊದಲಿನ ಚಿತ್ರದಲ್ಲಿಯೂ ತಾಯಿ ಹೀಗೆಯೇ ಕಿರುಚುತ್ತಾಳೆ. ಆದರೆ ಅಲ್ಲಿ ಅದು ಕಥೆಯ ಒಂದು ತಿರುವು, ಇಲ್ಲಿ ಗುಳಿಗೆ ನುಂಗಿಸಿ ಅಡಗಿಸಿದ್ದ ಧ್ವನಿ ಹೊರಬಿದ್ದದ್ದು.

ನಮ್ಮ ಗುಂಪಿನ ಒಬ್ಬ ವಿದ್ಯಾರ್ಥಿನಿ ಇದನ್ನು ಒಪ್ಪಲಿಲ್ಲ. ಮೊದಲಿನ ಚಿತ್ರದ ಕೊನೆಯಲ್ಲಿ ಕೊಲೆಗಾರ ಮಗುವನ್ನು ಬೆನ್ನಟ್ಟಿ ಮನೆಯ ಮಾಳಿಗೆ ಏರುತ್ತಾನೆ. ಪೊಲೀಸನು ಗುರಿಯಿಡಲು ಅಳುಕುತ್ತಾನೆ. ಜಿಲ್ ಬಂದೂಕನ್ನು ಕಸಿದುಕೊಂಡು ಒಂದೇ ಗುಂಡಿಗೆ ಅವನನ್ನು ಉರುಳಿಸುತ್ತಾಳೆ. "ಸರ್, ಇಪ್ಪತ್ತೆರಡು ವರ್ಷ ಆದ ಮ್ಯಾಲೆ ಬಂದೂಕ ಕಸಗೊಂಡು ಹಾಡು ಕೊಟ್ಟಾರಲ್ಲ, ಇದು ಮುಂದ ಹೋದಂಗೇನು?" ಎಂದು ಆಕೆ ಕೇಳಿದಳು. ಪ್ರಶ್ನೆ ಚೂಪಾದದ್ದೇ. ಹೊಸ ಚಿತ್ರದಲ್ಲಿ ಜೋ ರಾಯಭಾರ ಕಚೇರಿಯ ಪಿಯಾನೋ ಮುಂದೆ ಕುಳಿತು, ಮೇಲಿನ ಕೋಣೆಯಲ್ಲಿ ಬಂಧಿಯಾದ ಮಗನಿಗೆ ಕೇಳಿಸಲೆಂದು, ಸಭ್ಯತೆಯ ಎಲ್ಲೆ ಮೀರಿದ ದೊಡ್ಡ ದನಿಯಲ್ಲಿ 'ಕೇ ಸೆರಾ ಸೆರಾ' ಹಾಡುತ್ತಾಳೆ. ಆ ಹಾಡಿಗೆ ಆಸ್ಕರ್ ಬಂತು. ಗಂಡನಿಗಾಗಿ ಬಿಟ್ಟ ವಿದ್ಯೆಯೇ ಮಗನನ್ನು ಹುಡುಕಿಕೊಟ್ಟಿತೆಂದು ನಾನು ವಾದಿಸಿದೆ. ಜಿಲ್ ಬಿಟ್ಟೇ ಇರಲಿಲ್ಲವಲ್ಲ ಎಂದು ಆಕೆ ಮರುನುಡಿದಳು.

ಈ ವಾದದಲ್ಲಿ ನಾವಿಬ್ಬರೂ ಮರೆತಿದ್ದ ಮೂರನೆಯ ಹೆಂಗಸೊಬ್ಬಳಿದ್ದಾಳೆ. 1956ರ ಚಿತ್ರದಲ್ಲಿ ಮಗುವನ್ನು ಕದ್ದೊಯ್ದ ಡ್ರೇಟನ್ ಎಂಬವನ ಹೆಂಡತಿ ಅವಳು. ಮೊದಲಿನ ಚಿತ್ರದಲ್ಲಿ ಇವಳಿಗೆ ಸರಿಜೋಡಿಯಿಲ್ಲ. ಅಲ್ಲಿ ಲೊರೆಯ ಜೊತೆಗಾತಿ ಕೊನೆಯವರೆಗೂ ಕಲ್ಲಾಗಿಯೇ ಇರುತ್ತಾಳೆ. ಡ್ರೇಟನ್ನನ ಹೆಂಡತಿಗೆ ಆರಂಭದಿಂದಲೂ ಎಲ್ಲವೂ ಗೊತ್ತು. ಕೆಳಗಿನಿಂದ ತಾಯಿಯ ಹಾಡು ಕೇಳಿಬಂದಾಗ ಹುಡುಗ ಅದನ್ನು ಗುರುತಿಸುತ್ತಾನೆ. ಸಿಳ್ಳು ಹಾಕಲು ಬರುತ್ತದೆಯೇ ಎಂದು ಅವಳೇ ಅವನನ್ನು ಕೇಳಿ, ಕೈಲಾದಷ್ಟು ಜೋರಾಗಿ ಹಾಕು ಎನ್ನುತ್ತಾಳೆ. ಗಂಡ ಅಷ್ಟರಲ್ಲಿ ಮೆಟ್ಟಿಲು ಹತ್ತಿ ಬರುತ್ತಿದ್ದಾನೆ.