ಕರೆಗೆ ಎರಡನೆಯ ದಾರಿ ಇದ್ದರಷ್ಟೇ ಸಾಲದು

ಕಚೇರಿಯ ದೂರವಾಣಿ ಕರೆಗಳನ್ನು ಅಂತರಜಾಲಕ್ಕೆ ದಾಟಿಸುವ ಸಾಧನವೇ ವಾಯ್ಸ್ ಗೇಟ್‌ವೇ. ಸಿಸ್ಕೋ ಗೇಟ್‌ವೇಗಳಲ್ಲಿ ಒಂದೇ ಸಂಖ್ಯೆಗೆ ಹಲವು ದಾರಿಗಳನ್ನು ‘ಡಯಲ್ ಪಿಯರ್’ಗಳ ಮೂಲಕ ಸೂಚಿಸಬಹುದು. ಒತ್ತಿದ ಸಂಖ್ಯೆಯೊಡನೆ ಹೆಚ್ಚು ಅಂಕಿಗಳು ಹೊಂದುವ ದಾರಿಗೆ ಮೊದಲ ಮನ್ನಣೆ. ಹೊಂದಿಕೆ ಸಮವಾಗಿದ್ದರೆ 0ಯಿಂದ 10ರವರೆಗಿನ ಆದ್ಯತಾ ಸಂಖ್ಯೆಗಳಲ್ಲಿ ಚಿಕ್ಕದಕ್ಕೆ ಸರದಿ. ಅದು ವಿಫಲವಾದರೆ ಕರೆ ಮುಂದಿನ ದಾರಿಗೆ ಹೊರಳುತ್ತದೆ.

ತೊಡಕಿರುವುದು ಇಲ್ಲಿಯೇ. ಕರೆ ಜೋಡಿಸುವ ‘ಸಿಪ್’ ವಿಧಾನದ 2002ರ ಮಾನದಂಡದಂತೆ, ಮೊದಲ ಸರ್ವರ್ ಉತ್ತರಿಸದಿದ್ದಲ್ಲಿ ಅದು ವಿಫಲವೆಂದು ತೀರ್ಮಾನಿಸಲು 32 ಸೆಕೆಂಡು ಹಿಡಿಯಬಹುದು. ಆಂಬುಲೆನ್ಸ್‌ಗಾಗಿ 108 ಒತ್ತಿದವರಿಗೆ ಅದು ದೀರ್ಘ ಕಾಲ. ಆದ್ದರಿಂದ ಸರ್ವರ್‌ಗಳ ಸ್ಥಿತಿಯನ್ನು ‘ಆಪ್ಷನ್ಸ್’ ಸಂದೇಶದ ಮೂಲಕ ಆಗಾಗ ಪರೀಕ್ಷಿಸುವಂತೆ ಗೇಟ್‌ವೇಯನ್ನು ಅಣಿಗೊಳಿಸಬೇಕು. ಆಗ ಉತ್ತರಿಸದ ದಾರಿಯನ್ನು ಅದು ಮುಂಚೆಯೇ ಕೈಬಿಡುತ್ತದೆ. ತುರ್ತು ಸಂಖ್ಯೆಗಳಿಗಂತೂ ಸಾಮಾನ್ಯ ದೂರವಾಣಿ ಸಂಪರ್ಕವೊಂದನ್ನು ಕಡೆಯ ದಾರಿಯಾಗಿ ಉಳಿಸಿಕೊಳ್ಳುವುದು ಲೇಸು.