ಪರದೇಶದ ಕೈ, ಊರಿನ ಗೋಡೆ

ಪ್ರಯಾಣದ ವೆಚ್ಚವನ್ನು ತಾವೇ ವಹಿಸಿಕೊಂಡು, ಗುರುತು ಪರಿಚಯವಿಲ್ಲದ ದೇಶದ ಯಾವುದೋ ಹಳ್ಳಿಯಲ್ಲಿ ಎರಡು ಮೂರು ವಾರ ತಂಗಿ, ಅಲ್ಲಿಯ ಶಾಲೆಯ ಗೋಡೆಯನ್ನೋ ಹಾಳುಬಿದ್ದ ಬುರುಜನ್ನೋ ಕೂಲಿಯಿಲ್ಲದೆ ಕಟ್ಟಿಕೊಟ್ಟು ಹಿಂದಿರುಗುವ ತರುಣ ತರುಣಿಯರು ಪ್ರಪಂಚದಲ್ಲಿ ಅನೇಕರಿದ್ದಾರೆಂದು ಹೇಳಿದರೆ, ಹೊಟ್ಟೆಯ ಪಾಡಿಗಾಗಿ ಊರು ಬಿಡುವುದನ್ನೇ ಕಂಡಿರುವ ನಮ್ಮ ಸೀಮೆಯ ಜನಕ್ಕೆ ಅದು ಉಳ್ಳವರ ವಿಚಿತ್ರ ಹವ್ಯಾಸವೆಂದು ತೋರಿದರೆ ಆಶ್ಚರ್ಯವಿಲ್ಲ. ಸುಗ್ಗಿ ಮುಗಿಯುತ್ತಲೇ ಯಾದಗಿರಿ, ಶಹಾಪುರ, ಸುರಪುರಗಳ ಹಳ್ಳಿಗಳಿಂದ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುವ ಸಂಸಾರಗಳು ಪರರ ಮಹಡಿಗಳನ್ನು ಕಟ್ಟುತ್ತಲೇ ಬಂದಿವೆ. ಕಟ್ಟುವ ಕೆಲಸದ ಕಷ್ಟವನ್ನೂ ಮರ್ಮವನ್ನೂ ಬಲ್ಲ ಇಂಥ ಜನರ ನಡುವೆ ನಿಂತು ನೋಡಿದಾಗಲೇ ಪರದೇಶದ ಶ್ರಮದಾನದ ನಿಜವಾದ ಬೆಲೆ ತಿಳಿಯುವುದೆಂದು ನನ್ನ ಭಾವನೆ.

ಈ ಪದ್ಧತಿಯ ಮೂಲಪುರುಷನೆಂದು ಹೆಸರಾದವನು ಪಿಯರ್ ಸೆರೆಸೋಲ್ ಎಂಬ ಸ್ವಿಟ್ಜರ್ಲೆಂಡಿನ ಎಂಜಿನಿಯರು. ಮೊದಲನೆಯ ಮಹಾಯುದ್ಧದಲ್ಲಿ ನೆಲಸಮವಾಗಿದ್ದ ಫ್ರಾನ್ಸಿನ ವೆರ್ದನ್ ಪ್ರದೇಶದ ಎಸ್ನ್ ಎಂಬ ಹಳ್ಳಿಗೆ 1920ರಲ್ಲಿ ಅವನು ನಾನಾ ದೇಶಗಳ ಕೆಲವರನ್ನು ಕರೆದೊಯ್ದು, ಶತ್ರುಗಳೆನಿಸಿದ್ದ ಜರ್ಮನರನ್ನೂ ಜೊತೆಗೆ ಸೇರಿಸಿಕೊಂಡು, ಬಿದ್ದ ಮನೆಗಳ ಕಲ್ಲುಮಣ್ಣನ್ನು ತೆಗೆಸಿ ವಸತಿಗಳನ್ನು ಕಟ್ಟಿಸಿದನು. ಜರ್ಮನರ ಉಪಸ್ಥಿತಿಯನ್ನು ಅಲ್ಲಿಯವರು ಬಹುಕಾಲ ಸಹಿಸದೆ ಶಿಬಿರವು ಕೆಲವೇ ತಿಂಗಳಲ್ಲಿ ಮುಗಿದುಹೋಯಿತಾದರೂ, ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಯು ಅಲ್ಲಿಂದ ಬೆಳೆಯಿತು. 1934ರ ಜನವರಿಯಲ್ಲಿ ಬಿಹಾರವು ಭೂಕಂಪದಿಂದ ತತ್ತರಿಸಿದಾಗ ಅದೇ ಸೆರೆಸೋಲನು ನಮ್ಮ ದೇಶಕ್ಕೂ ಬಂದನು. ನೆರೆಗೆ ಸಿಲುಕುತ್ತಿದ್ದ ಹಳ್ಳಿಗಳನ್ನು ಎತ್ತರದ ನೆಲದಲ್ಲಿ ಮತ್ತೆ ನಿಲ್ಲಿಸುವ ಕೆಲಸದಲ್ಲಿ ಅವನೂ ಅವನ ಸಂಗಡಿಗರೂ ಊರವರೊಡನೆ ದುಡಿದರು.

ಆದರೆ ನಮ್ಮ ಯಾದಗಿರಿ ಜಿಲ್ಲೆಗೆ ಹೊರನಾಡಿನವನೊಬ್ಬನು ಬಂದು ಕಟ್ಟಿದ, ಜೀರ್ಣೋದ್ಧಾರ ಮಾಡಿದ ಕಥೆ ಇದಕ್ಕಿಂತ ಹಳೆಯದು. ಹದಿನೈದರ ವಯಸ್ಸಿನಲ್ಲಿ, 1824ರಲ್ಲಿ, ಹಡಗೇರಿ ಮುಂಬಯಿಗೆ ಬಂದಿಳಿದು, ಮುಂದೆ ನಿಜಾಮನ ಸೇವೆಗೆ ಸೇರಿದ ಫಿಲಿಪ್ ಮೆಡೋಸ್ ಟೇಲರನು 1841ರಲ್ಲಿ ಸುರಪುರಕ್ಕೆ ನಿಯುಕ್ತನಾದನು. ಅರಸನಾದ ಕೃಷ್ಣಪ್ಪನಾಯಕನು ಬೇಗನೆ ತೀರಿಕೊಂಡು, ರಾಣಿ ಈಶ್ವರಮ್ಮನ ಕೈಯಲ್ಲಿ ಬಾಲಕ ವೆಂಕಟಪ್ಪನಾಯಕನೂ ಸಾಲದಲ್ಲಿ ಮುಳುಗಿದ ಸಂಸ್ಥಾನವೂ ಉಳಿದಿದ್ದ ಕಾಲವದು. ಮೋಜಣಿಯನ್ನೂ ಎಂಜಿನಿಯರಿಂಗನ್ನೂ ಯಾವ ಶಾಲೆಯಲ್ಲಿಯೂ ಕಲಿಯದೆ ತಾನಾಗಿಯೇ ಅಭ್ಯಾಸ ಮಾಡಿಕೊಂಡಿದ್ದ ಈ ಅಧಿಕಾರಿಯು ರಸ್ತೆಗಳನ್ನು ಮಾಡಿಸಿದನು. ನಾಯಕ ಅರಸರ ಕಾಲದ ಬೋನಾಳದ ಕೆರೆಯನ್ನು ದುರಸ್ತಿಗೊಳಿಸಿದನು. ಇಂದು ಅದು ಪಕ್ಷಿಧಾಮವಾಗಿ ಪ್ರಸಿದ್ಧವಾಗಿದೆ. ಸುರಪುರದ ಗುಡ್ಡದ ಮೇಲೆ ತನಗಾಗಿ ಕಟ್ಟಿಸಿಕೊಂಡ ಮನೆ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಈಗಲೂ ನಿಂತಿದೆ. ಬಿಡುವಿನ ವೇಳೆಯಲ್ಲಿ ಸುತ್ತಲಿನ ಬೃಹತ್ ಶಿಲಾಸಮಾಧಿಗಳನ್ನು ಅಳೆದು, ಅಗೆಸಿ, ಬರೆದಿಟ್ಟು ವಿದ್ವಾಂಸರ ಗಮನವನ್ನು ಇತ್ತ ಸೆಳೆದವನೂ ಅವನೇ. ಜನರು ಅವನನ್ನು ಮಹಾದೇವ ಬಾಬಾ ಎಂದು ಕರೆದರು. ಬಾಲರಾಜನು ಅಪ್ಪಾ ಎಂದನು.

ಟೇಲರನನ್ನು ಸ್ವಯಂಸೇವಕನೆಂದರೆ ಚರಿತ್ರೆಗೆ ಅಪಚಾರವಾದೀತು. ಅವನು ಸಂಬಳದ ಅಧಿಕಾರಿ. ಅವನ ಬೆನ್ನಿಗೆ ಒಂದು ಸಾಮ್ರಾಜ್ಯದ ಬಲವಿತ್ತು. 1853ರಲ್ಲಿ ಅವನು ಸುರಪುರವನ್ನು ಬಿಟ್ಟು ಹೋದ ಐದೇ ವರ್ಷಗಳಲ್ಲಿ, ಅದೇ ವೆಂಕಟಪ್ಪನಾಯಕನು ಬ್ರಿಟಿಷರ ವಿರುದ್ಧ ಎದ್ದು, ಸೆರೆಸಿಕ್ಕು, ಗುಂಡಿನೇಟಿನಿಂದ ಪ್ರಾಣಬಿಟ್ಟನು. 1860ರಲ್ಲಿ ಸಂಸ್ಥಾನವು ನಿಜಾಮನ ಪಾಲಾಯಿತು. ಇಷ್ಟೆಲ್ಲವನ್ನು ನೆನಪಿನಲ್ಲಿಟ್ಟುಕೊಂಡೂ ಅವನಿಂದ ಕಲಿಯುವಂಥದೊಂದು ಇದೆ: ಕೆರೆಗೆ ಕೈಹಾಕಿದವನು ಹನ್ನೆರಡು ವರ್ಷ ಅದರ ಸಮೀಪದಲ್ಲಿಯೇ ಇದ್ದನು. ಏರಿ ಒಡೆದರೆ ಉತ್ತರ ಹೇಳಬೇಕಾದವನು ಅವನೇ ಆಗಿದ್ದನು. ಎರಡು ವಾರದ ಅತಿಥಿಗೆ ಈ ಹೊಣೆಯಿಲ್ಲ.

ಕೂಲಿಯಿಲ್ಲದ ದುಡಿಮೆಯೆಂದೊಡನೆ ನಮ್ಮ ಹಿರಿಯರು ಮುಖ ಗಂಟಿಕ್ಕುವುದಕ್ಕೂ ಕಾರಣವುಂಟು. ನಿಜಾಮನ ಆಳ್ವಿಕೆಯಲ್ಲಿ ಬಿಟ್ಟಿ ಬೇಗಾರಿಗೆ ಎಳೆದೊಯ್ಯಲ್ಪಟ್ಟವರ ಮೊಮ್ಮಕ್ಕಳು ಈಗಲೂ ಈ ಹಳ್ಳಿಗಳಲ್ಲಿದ್ದಾರೆ. ಬಿತ್ತನೆಗೆ, ಮನೆಯ ಕೆಲಸಕ್ಕೆ ಒಬ್ಬರಿಗೊಬ್ಬರು ಮುಯ್ಯಾಳಾಗಿ ಹೋಗುತ್ತಿದ್ದುದು ಬೇರೆಯ ಮಾತು. ಇಂದು ನಿನ್ನ ಗೋಡೆ, ನಾಳೆ ನನ್ನ ಮಾಳಿಗೆ. ಪರದೇಶದಿಂದ ಬಂದ ಶ್ರಮದಾನಿಯು ಈ ಮುಯ್ಯಿಯ ಲೆಕ್ಕದೊಳಗೆ ಹೇಗೆ ಸೇರುವನೆಂಬುದೇ ನಿಜವಾದ ಪ್ರಶ್ನೆ.

ಒಂದು ಮಾಳಿಗೆಮನೆಯನ್ನೇ ನೋಡೋಣ. ಕಲ್ಲು ಮಣ್ಣಿನ ದಪ್ಪ ಗೋಡೆ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಹಲಗೆ ಅಥವಾ ಕಟ್ಟಿಗೆಯ ತುಂಡುಗಳು, ಎಲ್ಲಕ್ಕೂ ಮೇಲೆ ಗಟ್ಟಿಸಿದ ಮಣ್ಣು. ಮಳೆಗಾಲಕ್ಕೆ ಮುಂಚೆ ಸೋರುವ ಕಡೆ ಹೊಸ ಮಣ್ಣು ಹಾಕುತ್ತಾರೆ. ಹಳೆಯದನ್ನು ತೆಗೆಯುವವರು ಕಡಮೆ. ಹೀಗೆ ವರ್ಷದಿಂದ ವರ್ಷಕ್ಕೆ ಮಾಳಿಗೆಯ ಭಾರ ಏರುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಮಹಾರಾಷ್ಟ್ರದ ಕಿಲ್ಲಾರಿಯ ಸೀಮೆಯಲ್ಲಿ ಭೂಕಂಪವಾದಾಗ ನಿದ್ದೆಯಲ್ಲಿದ್ದ ಸಾವಿರಾರು ಜನರ ಮೇಲೆ ಬಿದ್ದದ್ದು ಇಂಥವೇ ಗೋಡೆ ಮತ್ತು ಮಾಳಿಗೆಗಳು. ಅನಂತರ ದಾನಿಗಳೂ ಸಂಸ್ಥೆಗಳೂ ಅಲ್ಲಿ ನೆಟ್ಟನೆಯ ಬೀದಿಗಳ ಹೊಸ ಊರುಗಳನ್ನು ಕಟ್ಟಿದರು. ದನ ಕಟ್ಟಲು, ಮೇವು ಒಟ್ಟಲು, ಒಕ್ಕಲುತನದ ಸಾಮಾನಿಡಲು ಸ್ಥಳ ಸಾಲದೆ ನಿವಾಸಿಗಳು ತಾವೇ ಸೇರಿಸಿ ಕಟ್ಟಿಕೊಳ್ಳಬೇಕಾಯಿತು. ಇದ್ದ ಮನೆಯನ್ನೇ ಭದ್ರಪಡಿಸಿದವರ ಕೆಲಸ ಹೆಚ್ಚು ಸರಳವಾಗಿತ್ತು: ಮಾಳಿಗೆಯ ಹೆಚ್ಚಿನ ಮಣ್ಣನ್ನು ಇಳಿಸುವುದು, ಗೋಡೆಯ ಒಳಮೈ ಹೊರಮೈಗಳನ್ನು ಹಿಡಿದು ನಿಲ್ಲಿಸುವ ಉದ್ದಗಲ್ಲುಗಳನ್ನು ಅಡ್ಡಲಾಗಿ ಸೇರಿಸುವುದು. ಮಣ್ಣು ಇಳಿಸಲು ಯಾವ ದೇಶದ ಕೈಯಾದರೂ ಸಾಕು. ಆದರೆ ಯಾವ ಕಲ್ಲನ್ನು ಕಿತ್ತರೆ ಗೋಡೆ ಕುಸಿಯುವುದೆಂದು ಬಲ್ಲವನು ಊರಿನ ಗೌಂಡಿ. ಅವನು ಆ ಹೊತ್ತಿಗೆ ಬೆಂಗಳೂರಿನಲ್ಲಿದ್ದರೆ ಶಿಬಿರದ ಉತ್ಸಾಹವೆಲ್ಲ ಅಪಾಯಕ್ಕೇ ದಾರಿ. “ನೀವ್ ಕಟ್ಟಿ ಹೋಗ್ತೀರ್ರಿ, ಬರೂ ಮಳಿಗಾಲಕ್ಕ ಸೋರಿದ್ರ ಯಾರನ್ನ ಕರೀಬೇಕ್ರಿ?” ಎಂದು ಮನೆಯಾಕೆ ಕೇಳಿದರೆ, ಶಿಬಿರದ ಮುಖಂಡನ ಬಳಿ ಉತ್ತರ ಸಿದ್ಧವಾಗಿರಬೇಕು.

ಫ್ರಾನ್ಸಿನಲ್ಲಿ ಈ ಉತ್ತರವನ್ನು ಕಂಡುಕೊಂಡಿರುವವರಿದ್ದಾರೆ. 1966ರಲ್ಲಿ ಹುಟ್ಟಿದ ರೆಂಪಾರ್ ಎಂಬ ಒಕ್ಕೂಟವು ಹಳೆಯ ಕೋಟೆ, ಮಠ, ಗಿರಣಿಗಳ ದುರಸ್ತಿಗೆ ನಾನಾ ದೇಶಗಳ ಸ್ವಯಂಸೇವಕರನ್ನು ಕರೆಯುತ್ತದೆ. ಅಲ್ಲಿ ಬಂದವರು ಕಸುಬುದಾರರ ಕೈಕೆಳಗೆ ಸುಣ್ಣದ ಗಾರೆ ಕಲಸುವುದನ್ನೂ ಕಲ್ಲು ಕಟ್ಟುವುದನ್ನೂ ಕಲಿಯುತ್ತಾರೆ. ಅಂದರೆ ಕೊಡುವುದಕ್ಕಿಂತ ಪಡೆಯುವುದೇ ಹೆಚ್ಚೆಂದು ಒಪ್ಪಿಕೊಂಡ ವ್ಯವಸ್ಥೆ. ಈ ಪ್ರಾಮಾಣಿಕತೆ ನನಗೆ ಮೆಚ್ಚುಗೆಯಾದುದು. ಹೊರದೇಶದ ಶಿಬಿರಗಳಿಗೆ ಸಾಮಾನ್ಯವಾಗಿ ಪ್ರಯಾಣದ ಖರ್ಚು ಹೋಗುವವರದು, ಊಟ ವಸತಿಗಳು ಶಿಬಿರದವರದು, ಕೆಲವೆಡೆ ಅದಕ್ಕೂ ಶುಲ್ಕವುಂಟು. ಹಣ ಕಟ್ಟುವ ಮೊದಲು ಆ ದೇಶದ ವೀಸಾ ಇಂಥ ಕೆಲಸಕ್ಕೆ ಅವಕಾಶ ಕೊಡುವುದೇ, ಪೆಟ್ಟಾದರೆ ವಿಮೆಯುಂಟೇ, ಕೆಲಸ ಕೇಳಿದವರು ಊರವರೇ ಅಥವಾ ಸಂಘಟಕರೇ ಎಂದು ವಿಚಾರಿಸಿಕೊಳ್ಳತಕ್ಕದ್ದು.

ಯಾದಗಿರಿಯ ಕೋಟೆ, ಶಹಾಪುರದ ಬಳಿಯ ವಿಭೂತಿಹಳ್ಳಿಯ ಶಿಲಾಪಂಕ್ತಿಗಳಂಥ ಪ್ರಾಚೀನ ಸ್ಥಳಗಳಲ್ಲಿ ಪುರಾತತ್ತ್ವ ಇಲಾಖೆಯ ಅನುಮತಿಯಿಲ್ಲದೆ ಯಾರೂ ಒಂದು ಕಲ್ಲನ್ನೂ ಅಲುಗಿಸಕೂಡದು. ಆದರೆ ಹೂಳು ತುಂಬಿದ ಬಾವಿಗಳು, ಸೋರುವ ಶಾಲೆಗಳು, ಜಂತಿ ಜಗ್ಗಿದ ಮಾಳಿಗೆಗಳು ನಮ್ಮಲ್ಲಿ ಬೇಕಾದಷ್ಟಿವೆ. ನಾಳೆ ಯಾವುದಾದರೂ ಸಂಸ್ಥೆಯು ವಿದೇಶೀ ಯುವಕರನ್ನು ಇಲ್ಲಿಗೆ ಕರೆತರುವುದಾದರೆ, ನಮ್ಮ ಪಂಚಾಯತಿಗಳು ಮುಂದಾಗಿಯೇ ಒಂದು ಷರತ್ತನ್ನು ಹಾಕಲಿ: ಶಿಬಿರದ ಹಣದಲ್ಲಿ ಮೊದಲು ಸಲ್ಲತಕ್ಕದ್ದು ಊರಿನ ಗೌಂಡಿಗೆ ಪೂರ್ತಿ ಕೂಲಿ, ಬಂದ ಅತಿಥಿಗಳು ಅವನ ಕೈಕೆಳಗೆ ಕಲ್ಲು ಎತ್ತಿಕೊಡಲಿ.