ಒಂದು ಮೂಟೆಗೆ ಒಂದು ಬಾಟಲಿ ಸಮವೇ?

ನ್ಯಾನೋ ಎಂದರೆ ಅತಿ ಸಣ್ಣದು. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 80,000 ನ್ಯಾನೋಮೀಟರ್! ಈ ಅಳತೆಯಲ್ಲಿ ಕೆಲಸ ಮಾಡುವ ವಿದ್ಯೆಯನ್ನು 1974ರಲ್ಲಿ ಜಪಾನಿನ ನೋರಿಯೋ ತಾನಿಗುಚಿ ‘ನ್ಯಾನೋ ಟೆಕ್ನಾಲಜಿ’ ಎಂದು ಕರೆದರು. ಆ ವಿದ್ಯೆ ಈಗ ಗೊಬ್ಬರದಂಗಡಿಗೂ ಬಂದಿದೆ. ಇಫ್ಕೋ ಸಹಕಾರ ಸಂಸ್ಥೆ 2021ರಲ್ಲಿ ದ್ರವರೂಪದ ನ್ಯಾನೋ ಯೂರಿಯಾವನ್ನು ಹೊರತಂದಿತು. 500 ಮಿಲಿಲೀಟರಿನ ಒಂದು ಬಾಟಲಿ 45 ಕಿಲೋ ಯೂರಿಯಾ ಮೂಟೆಗೆ ಸಮ ಎಂದು ಪ್ರಚಾರವಾಯಿತು.

ವೆಸ್ಟ್ ಮಾಂಬಲಂನ ರೂಮಿನಲ್ಲಿ ಕೂತ ಕಾಮರ್ಸ್ ವಿದ್ಯಾರ್ಥಿಗೆ ಗೊಬ್ಬರದ ಗೊಡವೆ ಏಕೆ ಎನ್ನುತ್ತೀರಾ? ನಮ್ಮೂರು ತಾಳವಾಡಿ ಕಡೆ. ಮೂಟೆ ಬೇಕಾದರೆ ಜೊತೆಗೆ ಬಾಟಲಿಯನ್ನೂ ತಗೋಬೇಕು ಅಂತ ಅಂಗಡಿಯವರು ಹೇಳಿದರಂತೆ. ಅಪ್ಪ ಫೋನಿನಲ್ಲಿ, “ಎರಡೂ ಸಮ ಅಂತಾರಲ್ಲ, ದಿಟವಾ? ನೀನು ಲೆಕ್ಕದ ಓದು ಓದ್ತಾ ಇದ್ದೀಯಲ್ಲ, ನೋಡಿ ಹೇಳು” ಅಂದರು. ಆದ್ದರಿಂದ ಈ ಲೆಕ್ಕ.

ಯೂರಿಯಾದಿಂದ ಬೆಳೆಗೆ ಸಿಗುವುದು ಸಾರಜನಕ. ಎಲೆಯ ಹಸಿರಿಗೂ ಕಾಳಿನ ಪ್ರೋಟೀನಿಗೂ ಅದು ಬೇಕೇ ಬೇಕು. ಹರಳು ಯೂರಿಯಾದಲ್ಲಿ ಶೇ. 46 ಸಾರಜನಕ, ಅಂದರೆ 45 ಕಿಲೋ ಮೂಟೆಯಲ್ಲಿ 20.7 ಕಿಲೋ. ಮೊದಲು ಬಂದ ಬಾಟಲಿಯಲ್ಲಿ ಶೇ. 4, ಅಂದರೆ 20 ಗ್ರಾಂ. ಸಾವಿರಕ್ಕೆ ಒಂದು ಪಾಲು ಅನ್ನಿ.

ತಯಾರಕರ ವಾದವನ್ನೂ ಕೇಳೋಣ. ಮಣ್ಣಿಗೆ ಹಾಕಿದ ಯೂರಿಯಾದಲ್ಲಿ ಬಹುಪಾಲು ಅಮೋನಿಯಾ ಆಗಿ ಗಾಳಿಗೆ, ನೈಟ್ರೇಟ್ ಆಗಿ ಅಂತರ್ಜಲಕ್ಕೆ ಸೇರಿ ಪೋಲಾಗುತ್ತದೆ. ಇದು ನಿಜವೇ. ನ್ಯಾನೋ ಕಣಗಳನ್ನು ಎಲೆಗೆ ಸಿಂಪಡಿಸಿದರೆ ಪತ್ರರಂಧ್ರಗಳ ಮೂಲಕ ನೇರ ಒಳಹೋಗುತ್ತವೆ, ನಷ್ಟ ಕಡಿಮೆ ಎನ್ನುತ್ತಾರೆ. ಆಗಲಿ, ಮೂಟೆಯ ಮುಕ್ಕಾಲು ಪಾಲನ್ನು ನಷ್ಟದ ಖಾತೆಗೆ ಬರೆಯೋಣ. ಆಗಲೂ 5 ಕಿಲೋ ಉಳಿಯುತ್ತದೆ. ಬಾಟಲಿಯದು ಒಂದು ಹನಿಯೂ ಪೋಲಾಗದಿದ್ದರೂ 20 ಗ್ರಾಂ ದಾಟುವುದಿಲ್ಲ. ಎರಡು ಕಿಲೋ ಅಕ್ಕಿಯೊಳಗೇ ಅದಕ್ಕಿಂತ ಹೆಚ್ಚು ಸಾರಜನಕ ಇರುತ್ತದೆ! ಕಣ ಸಣ್ಣದಾದ ಮಾತ್ರಕ್ಕೆ ತೂಕ ಹೆಚ್ಚುವುದಿಲ್ಲವಲ್ಲ.

ಹೊಲವೂ ಇದನ್ನೇ ಹೇಳಿತು. ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯದವರು ಎರಡು ವರ್ಷ ಪ್ರಯೋಗ ಮಾಡಿದರು. ಹರಳು ಯೂರಿಯಾ ಕಡಿಮೆ ಮಾಡಿ ನ್ಯಾನೋ ಸಿಂಪಡಿಸಿದ ಕಡೆ, ಶಿಫಾರಸಿನಷ್ಟು ಯೂರಿಯಾ ಹಾಕಿದ ಕಡೆಗಿಂತ ಗೋಧಿ ಇಳುವರಿ ಶೇ. 21.6, ಭತ್ತದ ಇಳುವರಿ ಶೇ. 13 ಕಡಿಮೆಯಾಯಿತು. ಕಾಳಿನ ಪ್ರೋಟೀನೂ ಇಳಿಯಿತು. 2024ರಲ್ಲಿ ಶೇ. 20 ಸಾರಜನಕದ ‘ನ್ಯಾನೋ ಯೂರಿಯಾ ಪ್ಲಸ್’ ಬಂತು. ಅದರಲ್ಲಿ ನೂರು ಗ್ರಾಂ ಸಿಕ್ಕೀತು, ಅಷ್ಟೆ.

ಹಾಗಾದರೆ ಈ ಪ್ರಚಾರಕ್ಕೆ ಬಲ ಎಲ್ಲಿಂದ? ಮೂಟೆಗೆ ಸರ್ಕಾರ ದೊಡ್ಡ ಸಬ್ಸಿಡಿ ಕೊಡುತ್ತದೆ, ಬಾಟಲಿಗೆ ಇಲ್ಲ. ಮೂಟೆ ತಗ್ಗಿದಷ್ಟೂ ಬೊಕ್ಕಸಕ್ಕೆ ಉಳಿತಾಯ. ಆದರೆ ಇಳುವರಿ ಬಿದ್ದರೆ ಆ ಖರ್ಚು ರೈತನ ಲೆಕ್ಕಕ್ಕೆ ಬರುತ್ತದೆ.

ಯೂರಿಯಾ ಕಡಿಮೆ ಮಾಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಅದಕ್ಕೆ ಎಲೆಯ ಬಣ್ಣ ನೋಡಿ ಅಳೆದು ಹಾಕುವ ಕ್ರಮವಿದೆ. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿದಿಡುವ ಹುರುಳಿ, ಅಲಸಂದೆಯಂಥ ಬೆಳೆಗಳಿವೆ. ನ್ಯಾನೋ ವಿದ್ಯೆಯಿಂದಲೂ ನಾಳೆ ಒಳ್ಳೆಯದು ಬಂದೀತು. ಬಂದರೆ ಅದೂ ತೂಕದ ಲೆಕ್ಕದಲ್ಲಿ ಪಾಸಾಗಬೇಕು.

ಗೆಳೆಯರೇ, ನಮ್ಮಲ್ಲಿ ಹಲವರ ಮನೆಗಳಲ್ಲಿ ಹೊಲ ಇದೆ. ರಜೆಗೆ ಊರಿಗೆ ಹೋದಾಗ ಬಾಟಲಿಯ ಮೇಲಿನ ಶೇಕಡಾ ಅಂಕಿಯನ್ನು ಓದಿ, ಗ್ರಾಂ ಲೆಕ್ಕ ಹಾಕಿ ಮನೆಯವರಿಗೆ ತಿಳಿಸಿ. ಏಳನೇ ತರಗತಿಯ ಗಣಿತ ಸಾಕು.